ಪ್ರಶಸ್ತಿಯ ವೇದಿಕೆ ಮತ್ತು ಹೆಸರಿಲ್ಲದ ಕೊರಳುಗಳು

ಸಂಗೀತೋದ್ಯಮದ ರಾಷ್ಟ್ರಮಟ್ಟದ ಪ್ರಶಸ್ತಿ ಸಮಾರಂಭಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕಣ್ಣು ಕುಕ್ಕುವ ಬೆಳಕು, ನೃತ್ಯ, ನಿರೂಪಕರ ನಗೆಮಾತು, ನಡುನಡುವೆ ಜಾಹೀರಾತು. ಕೊನೆಗೆ ಯಾರೋ ಒಬ್ಬರು ಲಕೋಟೆ ಬಿಡಿಸಿ ಒಂದು ಹೆಸರು ಓದುತ್ತಾರೆ. ಸಭೆ ಎದ್ದು ಚಪ್ಪಾಳೆ ತಟ್ಟುತ್ತದೆ. ಫಿಲ್ಮ್‌ಫೇರ್‌ನಿಂದ ಹಿಡಿದು 2010ರಲ್ಲಿ ಆರಂಭವಾದ ಗ್ಲೋಬಲ್ ಇಂಡಿಯನ್ ಮ್ಯೂಸಿಕ್ ಅಕಾಡೆಮಿ ಪ್ರಶಸ್ತಿಯವರೆಗೆ ಇದೇ ಕ್ರಮ. ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳ ನಡುವಿನ ಮನೆಗಳಲ್ಲೂ ಜನ ಟಿವಿಯ ಮುಂದೆ ಕುಳಿತು ಇದನ್ನು ನೋಡಿದ್ದಾರೆ. ಉಳಿದದ್ದನ್ನೆಲ್ಲ ಬದಿಗಿಟ್ಟು ನೋಡಿದರೆ ಅಲ್ಲಿ ನಡೆಯುವುದು ಒಂದೇ ಕೆಲಸ: ಹೆಸರು ಕರೆಯುವುದು.

ಇದು ಸಣ್ಣ ವಿಷಯವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಹಾಡಿದವರ ಹೆಸರು ವೇದಿಕೆಯ ಮೇಲೆ ಕೇಳಿಬರಲು ಈ ದೇಶದಲ್ಲಿ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಿದರೆ ನಮ್ಮ ಮೂರು ತಾಲೂಕುಗಳ ಹಾಡುಗಾರರ ಸ್ಥಿತಿಯೂ ಸ್ಪಷ್ಟವಾಗಿ ಕಾಣುತ್ತದೆ.

ಉರ್ದು ತರಗತಿಯಲ್ಲಿ ಗಝಲಿನ ಕೊನೆಯ ಶೇರನ್ನು ಮಖ್ತಾ ಎನ್ನುತ್ತಾರೆ, ಅದರಲ್ಲಿ ಕವಿ ತನ್ನ ತಖಲ್ಲುಸ್ ಇಡುತ್ತಾನೆ ಎಂದು ನಾವು ಕಲಿತೆವು. ಕನ್ನಡ ತರಗತಿಯಲ್ಲಿ ವಚನಕಾರರ ಮತ್ತು ದಾಸರ ಅಂಕಿತದ ಪಾಠವಾಯಿತು. ಕೂಡಲಸಂಗಮದೇವ ಎಂದರೆ ಬಸವಣ್ಣ, ಪುರಂದರವಿಠಲ ಎಂದರೆ ಪುರಂದರದಾಸರು. ಶಿಶುನಾಳ ಷರೀಫ ಸಾಹೇಬರು ತಮ್ಮ ಊರಿನ ದೈವವನ್ನೇ ಅಂಕಿತ ಮಾಡಿಕೊಂಡರು. ಅರಬಿ ಮಲಯಾಳಂನಲ್ಲಿ 1607ರಲ್ಲಿ ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ರಚಿಸಿದ ಮುಹ್ಯಿದ್ದೀನ್ ಮಾಲೆಯನ್ನು ಬ್ಯಾರಿ ಮನೆಗಳಲ್ಲಿ ಮಗ್ರಿಬ್ ನಂತರ ಓದುತ್ತಿದ್ದ ಕಾಲವೊಂದಿತ್ತು. ಅದರ ಕರ್ತೃವಿನ ಹೆಸರು 4 ಶತಮಾನ ದಾಟಿ ನಮ್ಮವರೆಗೆ ಬಂದಿದೆ. ಹೀಗೆ ನಮ್ಮ ಪರಂಪರೆಗಳು ರಚಿಸಿದವನಿಗೆ ಹಾಡಿನ ಒಳಗೇ ಒಂದು ಸ್ಥಳ ಕೊಟ್ಟವು. ಹಾಡಿದವಳಿಗೆ ಕೊಡಲಿಲ್ಲ, ತಾಳ ಹಾಕಿದವನಿಗೂ ಕೊಡಲಿಲ್ಲ. ಅವರ ಕೊರಳು ಆ ರಾತ್ರಿಗೆ ಮುಗಿದುಹೋಗುತ್ತಿತ್ತು.

ಇದು ಬದಲಾದದ್ದು ಗ್ರಾಮೊಫೋನಿನಿಂದ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಹಾಡು ಮುಗಿಯುತ್ತಿದ್ದಂತೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಜೋರಾಗಿ ಹೇಳುತ್ತಿದ್ದರು. ಇದರ ಹಿಂದೆ ವ್ಯಾವಹಾರಿಕ ಕಾರಣವಿತ್ತು. ಮುದ್ರಿಕೆಗಳನ್ನು ತಟ್ಟೆಗಳಾಗಿ ಅಚ್ಚೊತ್ತಲು ಜರ್ಮನಿಯ ಹ್ಯಾನೋವರ್‌ಗೆ ಕಳಿಸಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಿತ್ತು. ಕಾರಣ ಏನೇ ಇರಲಿ, ಭಾರತದ ಗಾಯಕಿಯೊಬ್ಬಳು ತನ್ನ ಹೆಸರನ್ನು ತಾನೇ ಹಾಡಿನ ಕೊನೆಗೆ ಅಂಟಿಸಿದ್ದು ಹೀಗೆ. ಅದೂ ಒಂದು ಮಖ್ತಾ, ಹಾಡಿದವಳ ಮಖ್ತಾ. ಮಹಫಿಲ್‌ಗಳಲ್ಲಿ ಹಾಡುವ ಹೆಂಗಸರನ್ನು ಸಂಭಾವಿತ ಸಮಾಜ ಹಗುರವಾಗಿ ನೋಡುತ್ತಿದ್ದ ಕಾಲವದು. ಆಕೆಯ ಕೊನೆಯ ದಿನಗಳು ನಮ್ಮ ಮೈಸೂರಿನಲ್ಲಿ ಕಳೆದವು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಆಕೆಗೆ ಆಶ್ರಯ ಕೊಟ್ಟಿತು. 1930ರ ಜನವರಿ 17ರಂದು ಆಕೆ ಮೈಸೂರಿನಲ್ಲೇ ತೀರಿಕೊಂಡರು.

ಸಿನಿಮಾ ಮಾತು ಕಲಿತ ಮೇಲೆ ಹಾಡುವವರ ಹೆಸರು ಮತ್ತೆ ಹಿಂದಕ್ಕೆ ಸರಿಯಿತು. ಪರದೆಯ ಮೇಲೆ ತುಟಿ ಅಲ್ಲಾಡಿಸುವವರು ಒಬ್ಬರು, ತೆರೆಮರೆಯಲ್ಲಿ ಹಾಡುವವರು ಇನ್ನೊಬ್ಬರು. 1949ರ 'ಮಹಲ್' ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಹಾಡು ಮನೆಮಾತಾಯಿತು. ಆದರೆ ಗ್ರಾಮೊಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರು 'ಕಾಮಿನಿ' ಎಂದಿತ್ತು. ಕಾಮಿನಿ ಆ ಚಿತ್ರದ ಒಂದು ಪಾತ್ರದ ಹೆಸರು! ಹಾಡಿದ್ದು ಯಾರು ಎಂದು ಕೇಳುಗರು ರೇಡಿಯೋ ಕೇಂದ್ರಕ್ಕೆ ಪತ್ರ ಬರೆದು ವಿಚಾರಿಸಿದ ಮೇಲೆಯೇ ನಿಜವಾದ ಹೆಸರು ಹೊರಬಿದ್ದದ್ದು.

1954ರಲ್ಲಿ ಮುಂಬೈಯಲ್ಲಿ ಮೊದಲ ಫಿಲ್ಮ್‌ಫೇರ್ ಪ್ರಶಸ್ತಿ ಸಮಾರಂಭ ನಡೆದಾಗ ಇದ್ದದ್ದು ಐದೇ ವಿಭಾಗಗಳು. ಚಿತ್ರ, ನಿರ್ದೇಶಕ, ನಟ, ನಟಿ, ಸಂಗೀತ ನಿರ್ದೇಶಕ. ಸಂಗೀತದ ಪ್ರಶಸ್ತಿ 'ಬೈಜು ಬಾವ್ರಾ' ಚಿತ್ರಕ್ಕಾಗಿ ನೌಷಾದರಿಗೆ ಹೋಯಿತು. ಆ ಚಿತ್ರದ ಪ್ರಸಿದ್ಧ ಹರಿಭಜನೆಯನ್ನು ಬರೆದವರು ಶಕೀಲ್ ಬದಾಯೂನಿ, ರಾಗ ಹಾಕಿದವರು ನೌಷಾದ್, ಹಾಡಿದವರು ಮುಹಮ್ಮದ್ ರಫಿ. ಮೂವರು ಮುಸ್ಲಿಮರು ಸೇರಿ ಕಟ್ಟಿದ ಭಜನೆಯೆಂದು ನಾವು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಮೂವರಲ್ಲಿ ಇಬ್ಬರಿಗೆ, ಅಂದರೆ ಬರೆದವರಿಗೂ ಹಾಡಿದವರಿಗೂ, ಅಂದಿನ ವೇದಿಕೆಯಲ್ಲಿ ವಿಭಾಗವೇ ಇರಲಿಲ್ಲ.

1957ರಲ್ಲಿ 'ಚೋರಿ ಚೋರಿ' ಚಿತ್ರಕ್ಕಾಗಿ ಶಂಕರ್-ಜೈಕಿಶನ್ ಜೋಡಿಗೆ ಪ್ರಶಸ್ತಿ ಬಂತು. ಸಮಾರಂಭದಲ್ಲಿ ಆ ಚಿತ್ರದ ಹಾಡನ್ನು ಹಾಡಬೇಕೆಂದು ಅವರು ಲತಾರನ್ನು ಕೇಳಿದರು. ಲತಾ ಒಪ್ಪಲಿಲ್ಲ. ಪ್ರಶಸ್ತಿ ಸಂಗೀತ ನಿರ್ದೇಶಕರಿಗೆ ಮಾತ್ರವೆಂದಾದರೆ ಗಾಯಕಿಯಿಲ್ಲದೆ ವಾದ್ಯಗೋಷ್ಠಿಯನ್ನಷ್ಟೇ ನುಡಿಸಿ ಎಂಬುದು ಅವರ ವಾದವಾಗಿತ್ತು. ಆ ಮೌನ ಕೆಲಸ ಮಾಡಿತು. 1959ರಲ್ಲಿ ಹಿನ್ನೆಲೆ ಗಾಯನಕ್ಕೂ ಗೀತರಚನೆಗೂ ಹೊಸದಾಗಿ ಪ್ರಶಸ್ತಿಗಳು ಬಂದವು. ಮೊದಲನೆಯದು 'ಮಧುಮತಿ' ಚಿತ್ರಕ್ಕಾಗಿ ಲತಾರಿಗೂ, ಎರಡನೆಯದು 'ಯಹೂದಿ' ಚಿತ್ರಕ್ಕಾಗಿ ಶೈಲೇಂದ್ರರಿಗೂ ಸಂದಿತು. ಅಮೆರಿಕದಲ್ಲಿ ಮೊದಲ ಗ್ರ್ಯಾಮಿ ಸಮಾರಂಭ ನಡೆದದ್ದೂ ಅದೇ 1959ರ ಮೇ ತಿಂಗಳಲ್ಲಿ.

ಹೆಸರಿನ ಬೆನ್ನಿಗೆ ಹಣದ ಪ್ರಶ್ನೆ ಬಂತು. ತಟ್ಟೆ ಮಾರಾಟದ ಲಾಭದಲ್ಲಿ ಗಾಯಕರಿಗೂ ಪಾಲು ಬೇಕೆಂದು 1960ರ ದಶಕದ ಆರಂಭದಲ್ಲಿ ಲತಾ ಕೇಳಿದರು. ಹಾಡಿದ್ದಕ್ಕೆ ಸಂಭಾವನೆ ಪಡೆದ ಮೇಲೆ ಮತ್ತೆ ಕೇಳುವುದು ಸರಿಯಲ್ಲವೆಂಬುದು ರಫಿಯವರ ನಿಲುವು. ಇದೇ ಕಾರಣಕ್ಕೆ ಕೆಲವು ವರ್ಷ ಇಬ್ಬರೂ ಜೊತೆಯಾಗಿ ಹಾಡಲಿಲ್ಲ. ರಫಿಯವರ ಮಾತಿನಲ್ಲಿ ಸಂತೃಪ್ತಿಯ ಸೌಂದರ್ಯವಿದೆ, ನಿಜ. ಆದರೆ ಕಾನೂನು ಕೊನೆಗೆ ಬಂದು ನಿಂತದ್ದು ಲತಾರ ಕಡೆಗೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಗೀತಕಾರರು ಮತ್ತು ಸಂಯೋಜಕರ ಜೊತೆಗೆ ಹಾಡುವವರಿಗೂ ನುಡಿಸುವವರಿಗೂ ರಾಯಲ್ಟಿಯ ಹಕ್ಕನ್ನು ಮಾನ್ಯ ಮಾಡಿತು. ಈ ಹಕ್ಕಿಗೆ ಒಂದೇ ಒಂದು ಷರತ್ತು: ಹಾಡಿದವರು ಯಾರೆಂದು ದಾಖಲೆಯಲ್ಲಿರಬೇಕು.

ಸರಕಾರದ ಕಡೆಯ ಗೌರವಗಳ ಕತೆ ಸ್ವಲ್ಪ ಬೇರೆ. ಸಂಗೀತ ನಾಟಕ ಅಕಾಡೆಮಿಯ ಮೊದಲ ಪ್ರಶಸ್ತಿಗಳು 1952ರವು. ವಾದನದಲ್ಲಿ ಉಸ್ತಾದ್ ಅಲ್ಲಾವುದ್ದೀನ್ ಖಾನ್, ಗಾಯನದಲ್ಲಿ ಉಸ್ತಾದ್ ಮುಶ್ತಾಕ್ ಹುಸೇನ್ ಖಾನ್ ಆ ಮೊದಲ ಪಟ್ಟಿಯಲ್ಲಿದ್ದರು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಂಗೀತಕ್ಕೆ ಜಾಗ ಸಿಕ್ಕಿದ್ದು 1967ರ ಚಿತ್ರಗಳಿಂದ. ಈ ಎರಡನೆಯ ಪ್ರಶಸ್ತಿಯ ದಾರಿ ನಮ್ಮ ಪುತ್ತೂರಿನ ಮೂಲಕವೂ ಹಾದುಹೋಗಿದೆ.

ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿದ್ದ ಕಾಲದಲ್ಲಿ, 1933ರಲ್ಲಿ, 'ಚೋಮನ ದುಡಿ' ಕಾದಂಬರಿ ಹೊರಬಂತು. ಬೇಸಾಯ ಮಾಡಲು ತುಂಡು ಭೂಮಿ ಬೇಕೆಂದು ಹಂಬಲಿಸಿ ಅದು ಸಿಗದೆ ಹೋದ ದಲಿತ ಜೀತಗಾರನ ಕತೆಯದು. ಸಿಟ್ಟು ಬಂದರೂ ದುಃಖವಾದರೂ ಚೋಮ ತನ್ನ ದುಡಿಯನ್ನು ಬಾರಿಸುತ್ತಾನೆ. ಅವನ ಬಳಿ ಬೇರೆ ಭಾಷೆಯಿಲ್ಲ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಚಿತ್ರವನ್ನಾಗಿ ಮಾಡಿದರು. ಬಾಬುಕೋಡಿ ವೆಂಕಟರಮಣ ಕಾರಂತರು ಪುತ್ತೂರಿಗೆ ಹೊಂದಿಕೊಂಡ ಬಂಟ್ವಾಳ ತಾಲೂಕಿನ ಮಂಚಿಯವರು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿದವರು. 23ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಚಿತ್ರಕ್ಕೆ ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಶ್ರೇಷ್ಠ ನಟರಾದರು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಶಿವರಾಮ ಕಾರಂತರು ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸಿದ್ದೂ ಆ ಕಾಲದಲ್ಲೇ. ಪ್ರಶಸ್ತಿಯನ್ನು ಯಾವಾಗ ಇಟ್ಟುಕೊಳ್ಳಬೇಕು, ಯಾವಾಗ ಬಿಡಬೇಕು ಎಂಬ ಪಾಠವೂ ಪುತ್ತೂರಿನ ನಂಟಿನ ಈ ಲೇಖಕರಿಂದ ನಮಗೆ ಸಿಕ್ಕಿದೆ.

ಆಮೇಲಿನ ಮೂರು ವರ್ಷ ಕನ್ನಡದ ಸಂಗೀತಕ್ಕೆ ಒಳ್ಳೆಯ ಕಾಲ. ಬಿ.ವಿ. ಕಾರಂತರಿಗೆ 1976ರಲ್ಲಿ 'ಋಷ್ಯಶೃಂಗ' ಮತ್ತು 1977ರಲ್ಲಿ 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕಾಗಿ ಸತತ ಎರಡು ಬಾರಿ ರಾಷ್ಟ್ರಪ್ರಶಸ್ತಿ ಬಂತು. ಎರಡನೆಯ ಸಲದ ಪಟ್ಟಿಯನ್ನು ನೋಡಿದರೆ ಶ್ರೇಷ್ಠ ಗಾಯಕರಾಗಿ 'ಹಮ್ ಕಿಸೀಸೇ ಕಮ್ ನಹೀಂ' ಚಿತ್ರದ ಹಾಡಿಗಾಗಿ ಮುಹಮ್ಮದ್ ರಫಿಯವರ ಹೆಸರಿದೆ. ಮಂಚಿಯ ಹುಡುಗ ಮತ್ತು ಮುಂಬೈಯ ರಫಿ ಸಾಹೇಬರು ಒಂದೇ ವರ್ಷದ ಪಟ್ಟಿಯಲ್ಲಿ! 1978ರ ಚಿತ್ರಗಳಲ್ಲಿ 'ಕಾಡು ಕುದುರೆ'ಗಾಗಿ ಶಿವಮೊಗ್ಗ ಸುಬ್ಬಣ್ಣ ಶ್ರೇಷ್ಠ ಗಾಯಕರೆನಿಸಿದರು.

ಸಂತೋಷಪಡೋಣ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ದುಡಿಯ ಕತೆಗೆ ಸ್ವರ್ಣಕಮಲ ಬಂದ ಆ ದೇಶದಲ್ಲಿ ದುಡಿ ಬಾರಿಸುವವರಿಗೆ ಏನು ಬಂತು? ಅವಿಭಜಿತ ದಕ್ಷಿಣ ಕನ್ನಡದಲ್ಲಿ ಚರ್ಮವಾದ್ಯ ಬಾರಿಸುವ ಕೆಲಸ ಜಾತಿಗೆ ಕಟ್ಟುಬಿದ್ದದ್ದು. ಕಂಬಳದ ಹಿಂದಿನ ರಾತ್ರಿ ಕೊರಗರನ್ನು ಗದ್ದೆಯ ಬಳಿ ಮಂಜಿನಲ್ಲಿ ಕೂರಿಸಿ ಡೋಲು ಬಾರಿಸುವಂತೆ ಮಾಡುವ 'ಪನಿ ಕುಲ್ಲುನಿ' ಎಂಬ ಪದ್ಧತಿಯಿತ್ತು. ಕರ್ನಾಟಕ ಸರಕಾರ 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾನೂನು ತರಬೇಕಾಗಿ ಬಂದದ್ದು ಇಂಥ ಅವಮಾನಗಳನ್ನು ನಿಲ್ಲಿಸಲು. ಯೋಚಿಸಿ ನೋಡಿ. ವಾದ್ಯವೂ ಅದೇ, ಕೈಯೂ ಅದೇ. ಹೆಸರು ಕರೆದು ವೇದಿಕೆಗೆ ಹತ್ತಿಸಿದರೆ ಅವನು ಕಲಾವಿದ. ಜಾತಿ ಹಿಡಿದು ಕರೆದು ಅಂಗಳದ ಹೊರಗೆ ಕೂರಿಸಿದರೆ ಅವನು ಜೀತದಾಳು.

ಪಾಡ್ದನಗಳ ಕತೆಯೂ ಇದೇ. ಬಾಸೆಲ್ ಮಿಷನ್ನಿನ ಆಗಸ್ಟ್ ಮ್ಯಾನರ್ 1886ರಲ್ಲಿ ತುಳು ಪಾಡ್ದನಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ದೊಡ್ಡ ಉಪಕಾರವದು. ಆದರೆ ನಾಡು ನೆನಪಿಟ್ಟುಕೊಂಡದ್ದು ಸಂಗ್ರಹಿಸಿದ ಪಾದ್ರಿಯ ಹೆಸರನ್ನು. ಬಾಯಿಪಾಠವಾಗಿ ಹಾಡಿಕೊಟ್ಟವರ ಹೆಸರನ್ನಲ್ಲ. ನೂರು ವರ್ಷ ಕಳೆದ ಮೇಲೆ ಒಂದು ಬದಲಾವಣೆ ಕಂಡಿತು. 1990ರಲ್ಲಿ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಸಿರಿ ಕಾವ್ಯವನ್ನು ಹಲವು ದಿನಗಳ ಕಾಲ ಹಾಡಿದರು. ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ಜೊತೆಗೂಡಿ ಅದನ್ನು ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪ್ರಕಟವಾದಾಗ ಗೋಪಾಲ ನಾಯ್ಕರು ಹಾಡಿದಂತೆ ಎಂಬ ಮಾತು ಗ್ರಂಥದ ಶೀರ್ಷಿಕೆಯಲ್ಲೇ ಸೇರಿತ್ತು. ಅಕ್ಷರ ಲೋಕದಿಂದ ದೂರವಿದ್ದ ಒಬ್ಬ ಹಾಡುಗಾರನ ಹೆಸರು ಜಗತ್ತಿನ ಗ್ರಂಥಾಲಯಗಳ ಪಟ್ಟಿಗೆ ಹೋಯಿತು. ಯಾವ ಟ್ರೋಫಿಗಿಂತಲೂ ಇದು ಕಡಿಮೆಯಲ್ಲ.

ಈಗ ನಮ್ಮ ಮೂರು ತಾಲೂಕುಗಳಿಗೆ ಬರೋಣ. ಪುತ್ತೂರು, ಸುಳ್ಯ, ಮತ್ತು ಇವೆರಡರ ಗ್ರಾಮಗಳಿಂದ ಇತ್ತೀಚೆಗೆ ರೂಪುಗೊಂಡ ಕಡಬ. ಒಂದು ಕಡೆ ಕೇರಳ, ಇನ್ನೊಂದು ಕಡೆ ಕೊಡಗು. ತುಳು, ಕನ್ನಡ, ಬ್ಯಾರಿ, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ ಒಂದೇ ಸಂತೆಯಲ್ಲಿ ಕೇಳಿಸುವ ಸೀಮೆ. ಸಿರಿಮಾವೋ-ಶಾಸ್ತ್ರಿ ಒಪ್ಪಂದದ ತರುವಾಯ ಶ್ರೀಲಂಕಾದಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲೆಯಾದ ತಮಿಳರ ಹಾಡುಗಳೂ ಇಲ್ಲಿವೆ. ಪುತ್ತೂರಿನ ಹೆಸರು ಕ್ಯಾಸೆಟ್ಟಿನ ಮೇಲೆ ನಾಡಿಗೆಲ್ಲ ತಲುಪಿದ್ದು ದಾಸರ ಪದಗಳ ಗಾಯಕ ಪುತ್ತೂರು ನರಸಿಂಹ ನಾಯಕರಿಂದ. 1976ರಲ್ಲಿ ಶುರುವಾದ ಆಕಾಶವಾಣಿಯ ಮಂಗಳೂರು ಕೇಂದ್ರ ಹಾಡಿನ ಜೊತೆಗೆ ಹಾಡಿದವರ ಹೆಸರನ್ನೂ ಹೇಳುವ ಪದ್ಧತಿಯನ್ನು ನಮ್ಮ ಹಳ್ಳಿಮನೆಗಳಿಗೆ ತಂದಿತು.

ಆದರೆ ಕ್ಯಾಸೆಟ್ಟಿಗೂ ರೇಡಿಯೋಗೂ ಹೋಗದ ಕೊರಳುಗಳೇ ಹೆಚ್ಚು. ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹಾಡುತ್ತಿದ್ದ ಕಬಿತಗಳನ್ನೇ ತೆಗೆದುಕೊಳ್ಳಿ. ಭತ್ತದ ಗದ್ದೆಗಳು ಅಡಿಕೆ ತೋಟಗಳಾದವು, ಗುಡ್ಡಗಳಿಗೆ ರಬ್ಬರ್ ಬಂತು. ನಾಟಿಯಿಲ್ಲದ ಮೇಲೆ ನಾಟಿಯ ಹಾಡು ಎಲ್ಲಿಂದ ಬರಬೇಕು? ಯಾರೂ ಆ ಹಾಡನ್ನು ನಿಷೇಧಿಸಲಿಲ್ಲ. ಅದು ನಿಂತಿದ್ದ ನೆಲವೇ ಬದಲಾಯಿತು. ಸುಳ್ಯದ ಗೌಡರ ಮದುವೆಯ ಶೋಭಾನೆಗಳಿಗೂ ಬ್ಯಾರಿ ಮದುವೆಯ ಮೈಲಾಂಜಿ ರಾತ್ರಿಯ ಕೈಕೊಟ್ಟು ಪಾಟ್ಟಿಗೂ ಇದೇ ಗತಿ. ಮದುವೆ ಮನೆಯಂಗಳದಿಂದ ಹಾಲ್‌ಗೆ ಹೋಯಿತು, ಎರಡು ದಿನದ್ದು ಎರಡು ಗಂಟೆಗೆ ಇಳಿಯಿತು, ಅಜ್ಜಿಯ ಕೊರಳಿನ ಜಾಗದಲ್ಲಿ ಧ್ವನಿಪೆಟ್ಟಿಗೆ ಕುಳಿತಿತು. ಎರಂಞೋಳಿ ಮೂಸಾ, ಪೀರ್ ಮುಹಮ್ಮದ್, ವಿಳಯಿಲ್ ಫಸೀಲಾ ಅವರ ಮಾಪ್ಪಿಳ ಹಾಡುಗಳು ಕ್ಯಾಸೆಟ್ಟಿನಲ್ಲಿ ಬಂದವು. ಅವರ ಹೆಸರು ನಮಗೆ ಗೊತ್ತು. ನಮ್ಮದೇ ಮನೆಯ ಅಟ್ಟದ ಕೆಳಗೆ ಕುಳಿತು ಹಾಡಿದವಳ ಹೆಸರು ಮೊಮ್ಮಕ್ಕಳಿಗೆ ಗೊತ್ತಿಲ್ಲ.

ಸಂಗೀತದ ಕುರಿತು ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ವಾದ್ಯಗಳ ಬಗ್ಗೆ, ಹೆಂಗಸರ ದನಿ ಪರಪುರುಷರ ಕಿವಿಗೆ ಬೀಳುವುದರ ಬಗ್ಗೆ ಆಕ್ಷೇಪಗಳಿವೆ. ಮದುವೆಯ ದಫ್‌ಗೆ ಮಾತ್ರ ಹೆಚ್ಚಿನವರ ತಕರಾರಿಲ್ಲ. ಆ ಚರ್ಚೆಯನ್ನು ಇಲ್ಲಿ ಇತ್ಯರ್ಥ ಮಾಡುವ ಅರ್ಹತೆ ನಮಗಿಲ್ಲ. ನಾವು ಕೇಳುವುದು ಇಷ್ಟೇ: ಹೆಸರು ಬರೆದಿಡುವುದಕ್ಕೆ ಯಾರ ಆಕ್ಷೇಪವಿದೆ? ಯಾರಿಂದ ಯಾರು ಕೇಳಿದರು ಎಂಬ ಸನದಿಲ್ಲದೆ ಒಂದು ಹದೀಸನ್ನೂ ಸ್ವೀಕರಿಸದ ವಿದ್ವತ್ ಪರಂಪರೆ ನಮ್ಮದು. ಸಾವಿರಾರು ವರದಿಗಾರರ ಹೆಸರು, ಊರು, ಗುರು, ಶಿಷ್ಯರ ವಿವರಗಳನ್ನು ನಮ್ಮ ಹಿರಿಯರು ಸಂಪುಟಗಟ್ಟಲೆ ದಾಖಲಿಸಿದರು. ಆ ಪಟ್ಟಿಗಳಲ್ಲಿ ಹಝ್ರತ್ ಆಯಿಶಾ (ರ) ಅವರಿಂದ ಮೊದಲ್ಗೊಂಡು ಎಷ್ಟೋ ಮಹಿಳೆಯರಿದ್ದಾರೆ. ಹದೀಸಿಗೂ ಹಾಡಿಗೂ ಹೋಲಿಕೆಯಿಲ್ಲ, ನಿಜ. ಆದರೆ ಆ ಶಿಸ್ತನ್ನು ಕಂಡ ಸಮುದಾಯವೊಂದು ತನ್ನ ಅಜ್ಜಿಯರ ನೆನಪಿನ ವಿಷಯದಲ್ಲಿ ಇಷ್ಟೊಂದು ಉದಾಸೀನವಾಗಿರುವುದು ಸರಿಯೆ?

ಹೆಸರಿನ ಪ್ರಶ್ನೆ ಬರೆದವರನ್ನೂ ಬಿಟ್ಟಿಲ್ಲ. 2011ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ 'ಬ್ಯಾರಿ' ಚಿತ್ರವು ಮರಾಠಿಯ 'ದೇವೂಳ್' ಜೊತೆ ಸ್ವರ್ಣಕಮಲ ಹಂಚಿಕೊಂಡಿತು. ನಮ್ಮ ಭಾಷೆಯ ಮೊದಲ ಚಿತ್ರಕ್ಕೆ ದೇಶದ ಅತಿದೊಡ್ಡ ಚಿತ್ರಪ್ರಶಸ್ತಿ ಬಂದಾಗ ಹೆಮ್ಮೆಪಡದ ಬ್ಯಾರಿಗಳಿಲ್ಲ. ಆದರೆ ಅದರ ಕತೆ ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯದೆಂದು ಸಾರಾ ಅಬೂಬಕರ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹೆಸರಿಗಾಗಿ ಹೋರಾಡಲು ಆಕೆಗೆ ಅಚ್ಚಾದ ಪುಸ್ತಕವಾದರೂ ಇತ್ತು. ಕೈಕೊಟ್ಟು ಪಾಟ್ಟಿನ ಹೆಂಗಸಿಗೆ ಅದೂ ಇಲ್ಲ.

ಹಾಗೆಂದು ನಿರಾಶರಾಗಬೇಕಿಲ್ಲ. ಅಂಕೋಲಾದ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಆ ತಾಯಿ 2025ರಲ್ಲಿ ತೀರಿಕೊಂಡಾಗ ನಾಡಿಗೆ ನಾಡೇ ಆಕೆಯ ಹೆಸರು ಹೇಳಿತು. 75 ವರ್ಷ ದಾಟಿದರೂ ರಾಷ್ಟ್ರಮಟ್ಟದ ಗೌರವ ಸಿಗದೆ ಉಳಿದ ಕಲಾವಿದರಿಗೆಂದೇ ಸಂಗೀತ ನಾಟಕ ಅಕಾಡೆಮಿ 2023ರಲ್ಲಿ ಅಮೃತ ಪ್ರಶಸ್ತಿಗಳನ್ನು ಕೊಟ್ಟಿತು. ತಡವಾಗಿದೆ ಎಂದು ಅಕಾಡೆಮಿಯೇ ಒಪ್ಪಿಕೊಂಡಂತಾಯಿತು. ಪದ್ಮ ಪ್ರಶಸ್ತಿಗೆ ಈಗ ಯಾರು ಬೇಕಾದರೂ ಅಂತರ್ಜಾಲದಲ್ಲಿ ಹೆಸರು ಸೂಚಿಸಬಹುದು. 2009ರಲ್ಲಿ ಬ್ಯಾರಿ ಅಕಾಡೆಮಿ, 2011ರಲ್ಲಿ ಅರೆಭಾಷೆ ಅಕಾಡೆಮಿ ಬಂದಿವೆ. ತುಳು ಅಕಾಡೆಮಿಯಂತೂ ಅದಕ್ಕೂ ಮೊದಲಿನಿಂದ ಇದೆ. ಬಾಗಿಲುಗಳು ತೆರೆದಿವೆ. ಒಳಗೆ ಕಳಿಸಬೇಕಾದ ಹೆಸರುಗಳು ಮಾತ್ರ ನಮ್ಮ ಬಳಿ ಇಲ್ಲ.

ಪ್ರಶಸ್ತಿಯೇ ಎಲ್ಲವೂ ಎಂದು ನಾವು ಹೇಳುತ್ತಿಲ್ಲ. ಲಾಬಿ, ಪ್ರಾಯೋಜಕರ ಹಿತ, ರಾಜಕೀಯ ಎಲ್ಲ ಕಡೆಯೂ ಇವೆ. ಆದರೆ ದಿಲ್ಲಿಯಲ್ಲೋ ಮುಂಬೈಯಲ್ಲೋ ಓದಲ್ಪಡುವ ಹೆಸರು ಮೊದಲು ಯಾವುದೋ ಒಂದು ಊರಿನಲ್ಲಿ, ಯಾರದೋ ಕೈಬರಹದಲ್ಲಿ ಇರಬೇಕಾಗುತ್ತದೆ. ಆ ಕೆಲಸಕ್ಕೆ ಸರಕಾರದ ಅನುದಾನ ಬೇಡ. ಪುತ್ತೂರಿನ ಕಾಲೇಜು ವಿದ್ಯಾರ್ಥಿಗಳು, ಸುಳ್ಯದ ಯುವಕ ಮಂಡಲದವರು, ಕಡಬದ ಜಮಾಅತ್‌ನವರು ತಮ್ಮ ತಮ್ಮ ಗ್ರಾಮದಲ್ಲಿ ಒಂದು ನೋಟ್‌ಬುಕ್ ಇಟ್ಟರೆ ಸಾಕು. ಹಾಡು ಯಾವುದು, ಹಾಡಿದವರು ಯಾರು, ಯಾರಿಂದ ಕಲಿತರು, ಯಾವ ವರ್ಷ ಬರೆದುಕೊಂಡದ್ದು. ಮೊಬೈಲಿನಲ್ಲಿ ದನಿ ಹಿಡಿದಿಡುವಾಗ ಅವರ ಅನುಮತಿ ಕೇಳಿ, ಕೊನೆಗೆ ಅವರ ಬಾಯಿಂದಲೇ ಹೆಸರು ಹೇಳಿಸಿ. 1902ರಲ್ಲಿ ಗೌಹರ್ ಜಾನ್ ಮಾಡಿದ್ದು ಅಷ್ಟನ್ನೇ. ಇಂದು 80 ದಾಟಿದ ಹೆಂಗಸರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಮುಂದಿನ ಮಳೆಗಾಲದ ತನಕ ಕಾಯದೆ ಈ ಶುಕ್ರವಾರವೇ ಅವರ ಬಳಿ ಕುಳಿತು ಕೇಳುವುದು ಒಳ್ಳೆಯದು.